ಅತ್ತೆಯ ಮರೆವು, ಅಡುಗೆಮನೆಯ ಇಲ್ಲಣ

ಈ ಸಲ ಬಂದ ಕಾಗದಗಳಲ್ಲಿ ಮೂರು ಹೊಗೆಯ ಮೇಲಿನವು. ಮೂರನ್ನೂ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಸಂಪಾದಕರು ಬೈಯಲಿ. ಮಂಡಿ ನೋವು, ಕೂದಲು ಉದುರುವುದರ ಬಗ್ಗೆ ಬರೆದವರು ಮುಂದಿನ ಸಂಚಿಕೆವರೆಗೆ ಕಾಯಬೇಕು.

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮತ್ತೆಗೆ 71 ವರ್ಷ. ಮದುವೆಯಾಗಿ ಬಂದ ದಿನದಿಂದ ಸೌದೆ ಒಲೆಯಲ್ಲೇ ಅಡುಗೆ ಮಾಡಿದವರು. ಗ್ಯಾಸ್ ಬಂದು ಎಂಟು ವರ್ಷ ಆಯಿತು, ಆದರೂ ಹಿಟ್ಟು ತೊಳಸುವುದು ಸೌದೆ ಒಲೆಯಲ್ಲೇ ಆಗಬೇಕು, ಗ್ಯಾಸಿನ ಹಿಟ್ಟು ಗಂಟಲಲ್ಲಿ ಇಳಿಯೋದಿಲ್ಲ ಅಂತಾರೆ. ಸ್ನಾನದ ನೀರಿಗೆ ಹಂಡೆ ಒಲೆ. ಮನೆ ಹಿಂದಿನ ಗದ್ದೆ ದಾಟಿದರೆ ಆಲೆಮನೆ, ಅಲ್ಲಿ ಒಂದೊಂದು ದಿನ ಟೈರ್ ಹಾಕಿ ಉರಿಸುತ್ತಾರೆ. ಒಂದು ವರ್ಷದಿಂದ ಅತ್ತೆಗೆ ಮರೆವು ಜಾಸ್ತಿ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ. ಡೈರಿಗೆ ಹಾಲು ಹಾಕಿ ಬಂದು "ಹಾಲು ಹಾಕ್ದಾ?" ಅಂತ ನನ್ನನ್ನೇ ಕೇಳುತ್ತಾರೆ. ಹೋದ ತಿಂಗಳು ಸಂತೆಯಿಂದ ಬರುವಾಗ ದಾರಿ ತಪ್ಪಿ ಪಕ್ಕದೂರಿನ ಅರಳಿಕಟ್ಟೆಯಲ್ಲಿ ಕೂತಿದ್ದರು. ನಮ್ಮ ಯಜಮಾನರು "ಅರವತ್ತಕ್ಕೆ ಅರಳು ಮರಳು, ಅದಕ್ಕೆಲ್ಲ ಡಾಕ್ಟರು ಯಾಕೆ" ಅನ್ನುತ್ತಾರೆ. ಬೆಂಗಳೂರಲ್ಲಿರುವ ಮೈದುನ "ಹೊಗೆಯಿಂದ ಮಿದುಳು ಹೋಗುತ್ತೆ ಅಂತ ವಾಟ್ಸಾಪಲ್ಲಿ ಬಂದಿದೆ, ನೀವೇ ಅವ್ವನ್ನ ಹೊಗೆಯಲ್ಲಿ ಕೂರಿಸಿ ಹಿಂಗೆ ಮಾಡಿದ್ರಿ, ಇಲ್ಲಿಗೆ ಕಳಿಸಿ" ಅಂತ ಜಗಳಕ್ಕೆ ನಿಂತಿದ್ದಾನೆ. ಯಾರ ಮಾತು ನಿಜ ಮೇಡಂ?
— ಹೆಸರು ಬೇಡ

ಉತ್ತರ: ತಾಯಿ, ಯಜಮಾನರ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಸಾರಿಗೆ ಉಪ್ಪು ಎರಡು ಸಲ ಬೀಳುವುದು ನನ್ನ ಮನೆಯಲ್ಲೂ ಉಂಟು. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದೂ ಉಂಟು. ಆದರೆ ಐವತ್ತು ವರ್ಷ ಓಡಾಡಿದ ಸಂತೆ ದಾರಿ ಹಗಲು ಹೊತ್ತಿನಲ್ಲಿ ತಪ್ಪುವುದು ಅರಳು ಮರಳಲ್ಲ. ಈಗ ತಾನೇ ಮಾಡಿದ ಕೆಲಸ ಮಾಡಿದ್ದೇ ನೆನಪಿಲ್ಲದಿರುವುದೂ ಅಲ್ಲ. ಇದಕ್ಕೆ ಡಾಕ್ಟರು ಬೇಕು, ಬೇಗ ಬೇಕು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನವೊಂದರ ಲೆಕ್ಕದಲ್ಲಿ ನಮ್ಮ ದೇಶದ 60 ದಾಟಿದವರಲ್ಲಿ ಶೇ 7.4ರಷ್ಟು ಜನಕ್ಕೆ, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಎಂಬ, ನೆನಪು, ಯೋಚನೆ ಕುಗ್ಗಿಸುವ ಕಾಯಿಲೆ ಇದೆ. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ಅಷ್ಟು ಜನರಲ್ಲಿ ಎಷ್ಟು ಮಂದಿಯನ್ನು "ವಯಸ್ಸಾಯ್ತು ಬಿಡು" ಅಂತ ಮೂಲೆಗೆ ಕೂರಿಸಿದ್ದಾರೋ.

ಈಗ ಮೈದುನನ ಮಾತು. ವಾಟ್ಸಾಪಿನಲ್ಲಿ ಬಂದದ್ದರಲ್ಲಿ ನಿಜವೂ ಇದೆ, ಉಪ್ಪು ಖಾರವೂ ಇದೆ.

ನಾನು ಹುಟ್ಟಿದ್ದು ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ. ನಮ್ಮಜ್ಜಿಯ ಅಡುಗೆಮನೆಯ ಜಂತೆಗಳಿಂದ ಇಲ್ಲಣ ಜೋತುಬಿದ್ದಿರುತ್ತಿತ್ತು, ಕರಿ ಹತ್ತಿಯ ಎಳೆಯ ಹಾಗೆ. ಯುಗಾದಿಗೆ ಮುಂಚೆ ಬಿದಿರು ಗಳಕ್ಕೆ ತೆಂಗಿನ ಪೊರಕೆ ಕಟ್ಟಿ ಅದನ್ನು ಹೊಡೆಯುವುದು ಮಕ್ಕಳ ಕೆಲಸ. ಸ್ನಾನ ಮಾಡಿದ ಮೇಲೂ ಎರಡು ದಿನ ಮೂಗಿನಿಂದ ಕಪ್ಪು ಬರುತ್ತಿತ್ತು. ಜಂತೆಗೆ ಹತ್ತಿದ ಮಸಿ ನಮಗೆ ಕಂಡಿತು, ವರ್ಷಕ್ಕೊಮ್ಮೆ ಗುಡಿಸಿದೆವು. ಊದುಕೊಳವೆ ಹಿಡಿದು ಒಲೆ ಮುಂದೆ ಕೂತ ಅಜ್ಜಿಯ ಎದೆಯೊಳಗೆ ಹೋದದ್ದು ಕಾಣಲಿಲ್ಲ. ಅದನ್ನು ಗುಡಿಸುವ ಪೊರಕೆಯೂ ಇರಲಿಲ್ಲ.

ಹೊಗೆಯಲ್ಲಿ ನಮ್ಮನ್ನು ಕೆಮ್ಮಿಸುವ ದಪ್ಪ ಮಸಿ ದೊಡ್ಡ ಶತ್ರುವಲ್ಲ. ಅದು ಮೂಗಿನಲ್ಲಿ, ಗಂಟಲಿನಲ್ಲಿ ಸಿಕ್ಕಿಕೊಳ್ಳುತ್ತದೆ. ತೊಂದರೆ ಕೊಡುವುದು 2.5 ಮೈಕ್ರಾನಿಗಿಂತ ಸಣ್ಣ ಕಣಗಳು, ವಿಜ್ಞಾನಿಗಳು ಪಿಎಂ 2.5 ಅನ್ನುತ್ತಾರಲ್ಲ, ಅವು. ನಿಮ್ಮ ತಲೆಗೂದಲಿನ ದಪ್ಪ 50ರಿಂದ 70 ಮೈಕ್ರಾನ್ ಅಂದರೆ ಇದು ಎಷ್ಟು ಸಣ್ಣದು ನೋಡಿ. ಇವು ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ, ತೀರಾ ಸಣ್ಣವು ರಕ್ತಕ್ಕೂ ಸೇರುತ್ತವೆ. ಅಲ್ಲಿಂದ ಮಿದುಳಿಗೆ ಕೆಡುಕು ಮುಟ್ಟುವ ದಾರಿ ಒಂದೇ ಅಲ್ಲ. ಶ್ವಾಸಕೋಶದಲ್ಲಿ ಎದ್ದ ಉರಿಯೂತದ ರಾಸಾಯನಿಕಗಳು ರಕ್ತದಲ್ಲಿ ಸುತ್ತುತ್ತವೆ, ರಕ್ತನಾಳದ ಒಳಗೋಡೆ ಕೆಡುತ್ತದೆ, ಬಿಪಿ ಏರುತ್ತದೆ, ಮಿದುಳಿನ ಕೂದಲೆಳೆಯಂಥ ನಾಳಗಳು ಒಂದೊಂದಾಗಿ ಮುಚ್ಚುತ್ತವೆ. ಪಾರ್ಶ್ವವಾಯು ಹೊಡೆದರೆ ಊರಿಗೆಲ್ಲ ಗೊತ್ತಾಗುತ್ತದೆ. ಇಂಥ ಸಣ್ಣ ಸಣ್ಣ ಹೊಡೆತ ಹತ್ತು ಬಿದ್ದರೂ ಮನೆಯವರಿಗೆ ಕಾಣುವುದು ಮರೆವು, ನಿಧಾನ, ಸಿಡುಕು ಮಾತ್ರ. ಇನ್ನೊಂದು ದಾರಿ ಮೂಗಿನ ಮೇಲ್ಚಾವಣಿಯದು. ವಾಸನೆಯ ನರ ಅಲ್ಲಿಂದ ನೇರ ಮಿದುಳಿಗೆ ಹೋಗುತ್ತದೆ, ನಡುವೆ ಯಾವ ಚೆಕ್‌ಪೋಸ್ಟೂ ಇಲ್ಲ. 2016ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಮೆಕ್ಸಿಕೊ ಸಿಟಿ ಮತ್ತು ಮ್ಯಾಂಚೆಸ್ಟರಿನಲ್ಲಿ ತೀರಿಕೊಂಡ 37 ಜನರ ಮಿದುಳು ಪರೀಕ್ಷಿಸಿದಾಗ ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಉಂಡೆಗಳು ಸಿಕ್ಕವು. ದೇಹ ತಾನೇ ಮಾಡಿಕೊಳ್ಳುವ ಹರಳುಗಳಂತಿರಲಿಲ್ಲ, ಉರಿಯಲ್ಲಿ ಕರಗಿ ಗುಂಡಗಾದವು. ಅವು ಮಿದುಳು ಹೊಕ್ಕಿದ್ದವು ಎಂಬುದಕ್ಕಷ್ಟೇ ಇದು ಸಾಕ್ಷಿ. ಅವೇ ಮರೆವು ತಂದವು ಎಂಬುದಕ್ಕೆ ಸಾಕ್ಷಿಯಲ್ಲ. ವಾಟ್ಸಾಪಿನವರು ಈ ಎರಡನೆಯ ವಾಕ್ಯವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕಳಿಸುತ್ತಾರೆ.

ಜನರ ಮೇಲಿನ ಲೆಕ್ಕಗಳೂ ಇವೆ. 2017ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರನ್ನು ಹಲವು ವರ್ಷ ಹಿಂಬಾಲಿಸಿದ ಅಧ್ಯಯನವೊಂದು ಬಂತು. ಅಲ್ಲಿನ ಸರ್ಕಾರ ಹಾಕಿದ ಮಿತಿಗಿಂತ ಕೆಟ್ಟ ಗಾಳಿಯಲ್ಲಿ ಬದುಕಿದವರಿಗೆ ಡಿಮೆನ್ಷಿಯಾದ ಅಪಾಯ ಶೇ 92ರಷ್ಟು ಹೆಚ್ಚು ಕಂಡಿತ್ತು. ಸೌದೆ, ಬೆರಣಿಯಲ್ಲಿ ಅಡುಗೆ ಮಾಡುವ ಮನೆಗಳವರು ನೆನಪಿನ ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಾರೆ ಎಂಬುದು ನಮ್ಮ ದೇಶದಲ್ಲೇ 45 ದಾಟಿದ 72 ಸಾವಿರಕ್ಕೂ ಹೆಚ್ಚು ಜನರ ಸಮೀಕ್ಷೆಯಿಂದ ಗೊತ್ತಾಗಿದೆ. ಬಡತನ, ಓದು ಇಲ್ಲದಿರುವುದು ಅದರಲ್ಲಿ ಬೆರೆತಿರುತ್ತವೆ. ಅದನ್ನೆಲ್ಲ ಲೆಕ್ಕಕ್ಕೆ ಹಿಡಿದರೂ ಹೊಗೆಯ ಪಾಲು ಪೂರ್ತಿ ಅಳಿಯುವುದಿಲ್ಲ.

ಆದರೆ ಮೈದುನನಿಗೆ ಇದನ್ನೂ ಓದಿ ಹೇಳಿ. ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗ 2020ರಲ್ಲಿ ವಾಯುಮಾಲಿನ್ಯವನ್ನು ಡಿಮೆನ್ಷಿಯಾದ ಕಾರಣಗಳ ಪಟ್ಟಿಗೆ ಸೇರಿಸಿತು. 2024ರಲ್ಲಿ ಆ ಪಟ್ಟಿ 14 ಕಾರಣಗಳಿಗೆ ಬೆಳೆಯಿತು. ಒಟ್ಟು ಡಿಮೆನ್ಷಿಯಾದಲ್ಲಿ ಕೆಟ್ಟ ಗಾಳಿಯ ಪಾಲು ಸುಮಾರು ಶೇ 3. ಕಿವಿ ಮಂದವಾಗುವುದರ ಪಾಲು ಶೇ 7. ಕೆಟ್ಟ ಕೊಲೆಸ್ಟರಾಲಿನದೂ ಶೇ 7. ಹೀಗಿರುವಾಗ ಒಬ್ಬ ಅತ್ತೆಯ ಮರೆವನ್ನು ಒಲೆಯ ತಲೆಗೆ ಕಟ್ಟಿ ಸೊಸೆಯನ್ನು ಬೈಯುವುದು ಯಾವ ನ್ಯಾಯ? ಅವರು ಒಲೆ ಮುಂದೆ ಕೂತದ್ದು ನೀವು ಆ ಮನೆಗೆ ಕಾಲಿಡುವ ಎಷ್ಟೋ ವರ್ಷ ಮೊದಲು. ಆ ಹೊಗೆಯಲ್ಲಿ ಬೆಂದ ಹಿಟ್ಟನ್ನು ಮೈದುನನೂ ಉಂಡೇ ಬೆಳೆದದ್ದು.

ಕಿವಿಯ ವಿಷಯ ಬಂದದ್ದರಿಂದ ನನ್ನ ತಪ್ಪೊಂದನ್ನು ಹೇಳುತ್ತೇನೆ. ನಮ್ಮಮ್ಮನಿಗೆ 74 ಆದಾಗ ಹೇಳಿದ ಮಾತು ಮರೆಯುತ್ತಾರೆ, ಕೇಳಿದ್ದಕ್ಕೆ ಏನೋ ಹೇಳುತ್ತಾರೆ ಅಂತ ನಾನು ಒಳಗೊಳಗೇ ಆಲ್ಝೈಮರ್ ಅಂತ ನಿರ್ಧರಿಸಿಬಿಟ್ಟಿದ್ದೆ. ಮಗಳಲ್ಲವಾ, ಪರೀಕ್ಷೆ ಮಾಡಿಸಲು ಭಯ. ಆರು ತಿಂಗಳು ಹಾಗೇ ಕಳೆದೆ. ಕೊನೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದರೆ ಎರಡೂ ಕಿವಿ ಅರ್ಧಕ್ಕಿಂತ ಹೆಚ್ಚು ಹೋಗಿದ್ದವು. ಕೇಳಿಸದ ಮಾತು ನೆನಪಿರುವುದು ಹೇಗೆ? ಯಂತ್ರ ಹಾಕಿದ ಮೇಲೆ ಅಮ್ಮ ಪೂರ್ತಿ ಮೊದಲಿನಂತಾದರು ಅಂತ ಹೇಳಲಾರೆ, ಆದರೆ ಬೀಗರ ಮನೆಯ ಸುದ್ದಿಯೆಲ್ಲ ಮತ್ತೆ ಬಾಯಲ್ಲಿ ಓಡಾಡತೊಡಗಿತು.

ಹಾಗಾಗಿ ಅತ್ತೆಯನ್ನು ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿಗೋ ಕರೆದುಕೊಂಡು ಹೋಗಿ. ಬಿ12, ಥೈರಾಯ್ಡ್, ಸಕ್ಕರೆ, ಬಿಪಿ, ಕಿವಿ, ಕಣ್ಣು ನೋಡಿಸಿ. ಬಿ12 ಕಡಿಮೆಯಾದರೆ, ಥೈರಾಯ್ಡ್ ಮಂದವಾದರೆ ಬರುವ ಮರೆವನ್ನು ಬಹಳಷ್ಟು ಮಟ್ಟಿಗೆ ಸರಿಪಡಿಸಬಹುದು. ಈ ಒಂದು ವರ್ಷದಲ್ಲಿ ಕೊಟ್ಟಿಗೆಯಲ್ಲೋ ಬಚ್ಚಲಲ್ಲೋ ಜಾರಿ ತಲೆ ಪೆಟ್ಟಾಗಿತ್ತೇ, ನಿದ್ದೆಗೆ ಅಥವಾ ನೋವಿಗೆ ಯಾವ ಮಾತ್ರೆ ನುಂಗುತ್ತಾರೆ, ಇದನ್ನು ತಪ್ಪದೇ ಹೇಳಿ. ಮಾತ್ರೆಯ ಖಾಲಿ ಪಟ್ಟಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ, ಹೆಸರು ಕಂಠಪಾಠ ಬೇಡ. ಮಾವನವರು ತೀರಿಕೊಂಡ ಮೇಲೆ ಮಂಕಾದವರು ಎಂದಾದರೆ ಅದನ್ನೂ ಹೇಳಿ. ದುಃಖವೂ ಮರೆವಿನ ವೇಷದಲ್ಲಿ ಬರುತ್ತದೆ.

ಇನ್ನು ಒಲೆ. ಎಪ್ಪತ್ತೊಂದರಲ್ಲಿ ಈಗ ಹೊಗೆ ತಪ್ಪಿಸಿ ಏನು ಪ್ರಯೋಜನ ಅನ್ನಬೇಡಿ. ಮೇಲೆ ಹೇಳಿದೆನಲ್ಲ, ಅದೇ ಅಮೆರಿಕದ ಹೆಂಗಸರ ಗುಂಪಿನ ಮೇಲೆ 2022ರಲ್ಲಿ ಇನ್ನೊಂದು ವರದಿ ಬಂತು. ಹತ್ತು ವರ್ಷದಲ್ಲಿ ಗಾಳಿ ಶುದ್ಧವಾದ ಊರುಗಳಲ್ಲಿದ್ದವರಿಗೆ, 75–80 ದಾಟಿದವರಿಗೂ, ಡಿಮೆನ್ಷಿಯಾದ ಅಪಾಯ ಇಳಿದಿತ್ತು. ಸೌದೆ ಉರಿಯುವ ಮುಚ್ಚಿದ ಅಡುಗೆಮನೆಯಲ್ಲಿ ಒಂದು ಘನ ಮೀಟರ್ ಗಾಳಿಗೆ ಪಿಎಂ 2.5 ನೂರಾರು ಮೈಕ್ರೋಗ್ರಾಂ ಇರುತ್ತದೆ. ನಮ್ಮ ದೇಶದ ದಿನದ ಮಿತಿ 60. ಗ್ಯಾಸಿನಲ್ಲಿ ಅನ್ನ, ಸಾರು, ಕಾಫಿ ಆಗಿಬಿಟ್ಟರೆ ಅಡುಗೆಯ ಹೊಗೆ ಎಷ್ಟೋ ಕಡಿಮೆಯಾಯಿತು. ಹಿಟ್ಟಿನ ವಿಷಯಕ್ಕೆ ಅತ್ತೆ ಜೊತೆ ಜಗಳ ಬೇಡ, ನೀವು ಗೆಲ್ಲುವುದಿಲ್ಲ. ನಮ್ಮಮ್ಮನ ಮುಂದೆ ನಾನೂ ಗೆಲ್ಲಲಿಲ್ಲ. ಎಸರು ಗ್ಯಾಸಿನಲ್ಲಿ ಕುದಿಯಲಿ. ಸೌದೆ ಒಲೆಯನ್ನು ಹಿತ್ತಲಿನ ಬಯಲಿಗೆ, ತಡಿಕೆಯ ನೆರಳಿಗೆ ಸಾಗಿಸಿ, ಹಿಟ್ಟು ಹಾಕಿ ತೊಳಸುವ ಹತ್ತು ನಿಮಿಷ ಅಲ್ಲಿ ಆಗಲಿ. ಸೌದೆ ಒಣಗಿರಬೇಕು. ಹಸಿ ಮಟ್ಟೆ ಹೊಗೆಯುತ್ತದೆಯೇ ಹೊರತು ಉರಿಯುವುದಿಲ್ಲ. ಒಲೆ ಒಳಗೇ ಇರಬೇಕು ಅಂತಾದರೆ ಹೊಗೆಕೊಳವೆ ಹಾಕಿಸಿ, ಕೊಳವೆಯ ಬಾಯಿ ಸೂರಿಗಿಂತ ಮೇಲಿರಲಿ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆ ನಿಮ್ಮ ಕಡೆಯೂ ಕೆಲವರ ಮನೆಯಲ್ಲಿ ಇದ್ದಿರಬಹುದು. ಎಷ್ಟೋ ಮನೆಯಲ್ಲಿ ಕೊಳವೆಗೆ ಮಸಿ ಕಟ್ಟಿದ ಮೇಲೆ ಯಾರೂ ತೆಗೆಯಲಿಲ್ಲ, ಹೊಗೆ ಮತ್ತೆ ಒಳಗೇ ಬಂತು, ಒಲೆಗೆ ಕೆಟ್ಟ ಹೆಸರು ಬಂತು. ತಿಂಗಳಿಗೊಮ್ಮೆ ಕೊಳವೆಯೊಳಗೆ ಗೋಣಿ ಸುತ್ತಿದ ಕೋಲು ಆಡಿಸಬೇಕು, ಅಷ್ಟೇ.

ಹಂಡೆ ಒಲೆಯ ಬಗ್ಗೆ ಬೇರೆಯೇ ಭಯವಿದೆ. ಉರಿ ಆರಿ ಕೆಂಡ ಉಳಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಾಗಿಲು ಹಾಕಿದ ಬಚ್ಚಲಲ್ಲಿ ತಲೆಸುತ್ತು, ವಾಂತಿ, ಮಂಕು, ಜಾಸ್ತಿಯಾದರೆ ಜೀವವೇ ಹೋಗುತ್ತದೆ. ಉಳಿದುಕೊಂಡವರಲ್ಲಿ ಕೆಲವರಿಗೆ ನೆನಪು ಶಾಶ್ವತವಾಗಿ ಕೆಡುತ್ತದೆ. ಇದಕ್ಕೆ ಮೂವತ್ತು ವರ್ಷ ಬೇಡ, ಅರ್ಧ ಗಂಟೆ ಸಾಕು. ಪೇಟೆಯವರು ನಗಬೇಡಿ, ಗಾಳಿಯಾಡದ ಬಚ್ಚಲಲ್ಲಿ ಹಾಕಿಸಿದ ಗ್ಯಾಸ್ ಗೀಸರೂ ಇದೇ ಕೆಲಸ ಮಾಡುತ್ತದೆ. ಅತ್ತೆ ಸ್ನಾನ ಮಾಡಿ ಬಂದ ಮೇಲೆ ಹೆಚ್ಚು ಮಂಕಾಗುತ್ತಾರಾ, ತಲೆನೋವು ಅನ್ನುತ್ತಾರಾ, ಒಂದು ವಾರ ಗಮನಿಸಿ. ಗೋಡೆಯ ಬೆಳಕಿಂಡಿಗೆ ಚಳಿ ಅಂತ ಗೋಣಿ ತುರುಕಿದ್ದರೆ ಇವತ್ತೇ ಕಿತ್ತುಹಾಕಿ.

ಆಲೆಮನೆಯವರು ಕಬ್ಬಿನ ಸಿಪ್ಪೆ ಉರಿಸುವುದು ಬೇರೆ, ಟೈರು ಉರಿಸುವುದು ಬೇರೆ. ಸಿಪ್ಪೆಯ ಹೊಗೆಯೂ ಒಳ್ಳೆಯದಲ್ಲ. ಟೈರಿನ ಹೊಗೆಯಲ್ಲಿ ಸಣ್ಣ ಮಸಿಯ ಜೊತೆ ಬೆಂಜೀನ್, ಗಂಧಕದ ಅನಿಲ, ಕ್ಯಾನ್ಸರ್ ತರುವ ಎಣ್ಣೆಯ ಅಂಶಗಳು ಇರುತ್ತವೆ. ಅದನ್ನು ಮೊದಲು ಉಸಿರಾಡುವವರು ಕೊಪ್ಪರಿಗೆಯ ಮುಂದೆ ನಿಂತ ಆಳುಗಳು, ಆಮೇಲೆ ನೀವು. ಒಬ್ಬರೇ ಹೋಗಿ ಕೇಳಿದರೆ ದ್ವೇಷ ಕಟ್ಟಿಕೊಳ್ಳುತ್ತೀರಿ. ಸ್ತ್ರೀಶಕ್ತಿ ಸಂಘದ ನಾಲ್ಕೈದು ಜನ ಸೇರಿ ಪಂಚಾಯಿತಿಯ ಪಿಡಿಒಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದುಕೊಡಿ, ದಿನಾಂಕ ಹಾಕಿದ ಫೋಟೊ ಇಟ್ಟುಕೊಳ್ಳಿ.

ಬೆಂಗಳೂರಿಗೆ ಕಳಿಸುವುದು? ಬೇಡ. ಮರೆವು ಶುರುವಾದವರಿಗೆ ಪರಿಚಿತ ಜಾಗವೇ ಅರ್ಧ ಔಷಧಿ. ಬಚ್ಚಲು ಯಾವ ಕಡೆ, ಬಾವಿ ಯಾವ ಕಡೆ ಅಂತ ಅವರ ಕಾಲಿಗೆ ಗೊತ್ತಿದೆ, ತಲೆ ಮರೆತರೂ. ನಾಲ್ಕನೇ ಮಹಡಿಯ ಫ್ಲಾಟಿನಲ್ಲಿ ಗೊಂದಲ ಹೆಚ್ಚಾಗುತ್ತದೆ, ಅದೂ ದೊಡ್ಡ ರಸ್ತೆಯ ಪಕ್ಕವಾದರೆ ಗಾಳಿಯ ಲಾಭವೂ ಇಲ್ಲ. ಮೈದುನನಿಗೆ ಅಷ್ಟು ಕಾಳಜಿಯಿದ್ದರೆ ಪರೀಕ್ಷೆಯ ಖರ್ಚು ಕೊಡಲಿ, ಹೊಗೆಕೊಳವೆಗೂ ಕೊಡಲಿ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಹೈಸ್ಕೂಲ್ ಮೇಷ್ಟ್ರು, ವಯಸ್ಸು 68. ಹನ್ನೆರಡು ವರ್ಷದಿಂದ ಬೆಳಿಗ್ಗೆ ಐದಕ್ಕೆ ಎದ್ದು ರಿಂಗ್ ರೋಡಿನ ಬದಿಯಲ್ಲಿ ಐದು ಕಿಲೋಮೀಟರ್ ನಡೆಯುತ್ತೇನೆ. ಅಮೆರಿಕದಲ್ಲಿರುವ ಮಗಳು ರಸ್ತೆಯ ಗಾಳಿ ಮಿದುಳಿಗೆ ಕೆಟ್ಟದ್ದು, ವಾಕಿಂಗ್ ನಿಲ್ಲಿಸಿ, ಏರ್ ಪ್ಯೂರಿಫೈಯರ್ ಕಳಿಸುತ್ತೇನೆ ಎನ್ನುತ್ತಾಳೆ. ಮೊಬೈಲಿನಲ್ಲಿ ನೋಡಿದರೆ ಮೈಸೂರಿನ ಗಾಳಿ ಹಸಿರು ಬಣ್ಣ, "ಉತ್ತಮ" ಎಂದೇ ಬರುತ್ತದೆ. ಯಾವುದನ್ನು ನಂಬಲಿ?

ಉತ್ತರ: ಮೇಷ್ಟ್ರೇ, ನಡಿಗೆ ನಿಲ್ಲಿಸಬೇಡಿ. ರಸ್ತೆ ಬದಲಿಸಿ. ಮೈ ಬಗ್ಗಿಸದೆ ಕೂರುವುದೂ ನಾನು ಮೇಲೆ ಹೇಳಿದ 14 ಕಾರಣಗಳಲ್ಲಿ ಒಂದು.

ಹಸಿರು ಬಣ್ಣದ ಕಥೆ ಕೇಳಿ. ನಮ್ಮ ದೇಶದ ಸೂಚ್ಯಂಕದಲ್ಲಿ ದಿನದ ಪಿಎಂ 2.5 ಮೂವತ್ತರ ಒಳಗಿದ್ದರೆ "ಉತ್ತಮ". ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ದಿನದ ಗೆರೆ 15. ವರ್ಷದ ಸರಾಸರಿಯಂತೂ ನಮ್ಮದು 40, ಅವರದು 5. ನೀವು ಎಷ್ಟೋ ವರ್ಷ ಪೇಪರ್ ತಿದ್ದಿದವರು, ಪಾಸಿನ ಅಂಕ ಇಳಿಸಿದರೆ ಎಲ್ಲರೂ ಪಾಸು ಎಂಬುದು ನಿಮಗೆ ನಾನು ಹೇಳಬೇಕಿಲ್ಲ. ಮೇಲಾಗಿ ಯಂತ್ರ ಇರುವುದು ಎಲ್ಲೋ ಒಂದೆರಡು ಕಡೆ. ಅದು ಅಳೆಯುವುದು ಆ ಜಾಗದ ಗಾಳಿ. ನಿಮ್ಮ ಮೊಣಕೈ ಪಕ್ಕ ಹಾದು ಹೋಗುವ ಮರಳು ಲಾರಿಯ ಹೊಗೆ ಅದರ ಲೆಕ್ಕಕ್ಕಿಲ್ಲ.

ದೂರ ಎಷ್ಟು ಮುಖ್ಯ ಎಂಬುದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಲೆಕ್ಕವಿದೆ. ಸುಮಾರು 66 ಲಕ್ಷ ಜನರ ದಾಖಲೆ ನೋಡಿ 2017ರಲ್ಲಿ ಪ್ರಕಟಿಸಿದರು. ದೊಡ್ಡ ರಸ್ತೆಯಿಂದ 50 ಮೀಟರ್ ಒಳಗೆ ಮನೆಯಿದ್ದವರಿಗೆ ಡಿಮೆನ್ಷಿಯಾ ಶೇ 7ರಷ್ಟು ಹೆಚ್ಚು, 50ರಿಂದ 100 ಮೀಟರಿಗೆ ಶೇ 4, 200 ಮೀಟರ್ ಹೊತ್ತಿಗೆ ಶೇ 2, ಅದರಾಚೆ ವ್ಯತ್ಯಾಸವೇ ಇಲ್ಲ. ಇದು ಅಲ್ಲೇ ಬದುಕಿದವರ ಲೆಕ್ಕ, ನಡೆಯುವವರದ್ದಲ್ಲ. ಆದರೆ ಇನ್ನೂರು ಮೀಟರ್ ಒಳಗೆ ಸರಿದರೆ ಹೊಗೆ ತೆಳುವಾಗುತ್ತದೆ ಎಂಬ ಪಾಠ ನಿಮಗೂ ಅನ್ವಯಿಸುತ್ತದೆ. ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ ಕೆರೆ ಇರುವ ಊರಿನಲ್ಲಿ ರಿಂಗ್ ರೋಡಿನಲ್ಲಿ ನಡೆಯುವುದು, ಕ್ಷಮಿಸಿ, ಮನೆಯಲ್ಲಿ ಮೈಸೂರು ಪಾಕ್ ಇಟ್ಟುಕೊಂಡು ಬೇಕರಿ ಬಿಸ್ಕತ್ತು ತಿಂದಂತೆ.

ಐದು ಗಂಟೆಯ ಬಗ್ಗೆಯೂ ತಕರಾರಿದೆ. ಡಿಸೆಂಬರ್, ಜನವರಿಯಲ್ಲಿ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇಳುವುದಿಲ್ಲ, ರಾತ್ರಿಯ ಹೊಗೆಯೆಲ್ಲ ಮುಚ್ಚಳ ಹಾಕಿದಂತೆ ಕೆಳಗೇ ನಿಲ್ಲುತ್ತದೆ. ಅದರ ಮೇಲೆ ನಮ್ಮ ಬಡಾವಣೆಗಳಲ್ಲಿ ಗುಡಿಸಿದ ಎಲೆ, ಪ್ಲಾಸ್ಟಿಕ್ ಕವರನ್ನು ಮೂಲೆಯಲ್ಲಿ ಗುಡ್ಡೆ ಹಾಕಿ ಬೆಂಕಿ ಕೊಡುವ ಅಭ್ಯಾಸ. ನೀವು ಮಂಜು ಅಂದುಕೊಂಡು ದೀರ್ಘವಾಗಿ ಉಸಿರೆಳೆದದ್ದರಲ್ಲಿ ಎಷ್ಟು ಮಂಜು, ಎಷ್ಟು ಕವರು? ಚಳಿಗಾಲದಲ್ಲಿ ಬಿಸಿಲು ಬಿದ್ದ ಮೇಲೆ, ಏಳೂವರೆಗೆ ಹೊರಡಿ. ದಸರಾ ದಿನಗಳ ಸಂಜೆ ನಗರದ ಮಧ್ಯಕ್ಕೆ ಹೋಗಲೇಬೇಕು ಅಂದರೆ ಎನ್95 ಮಾಸ್ಕ್ ಹಾಕಿ. ಬಟ್ಟೆಯದು, ಕರ್ಚೀಫು ಧೂಳಿಗೆ ಆದೀತು, ಈ ಕಣಗಳಿಗಲ್ಲ.

ಪ್ಯೂರಿಫೈಯರ್ ಕೆಲಸ ಮಾಡುತ್ತದೆ, ಸಣ್ಣ ಕಣ ಹಿಡಿಯುವ ಹೆಪಾ ಫಿಲ್ಟರ್ ಇದ್ದರೆ, ಕಿಟಕಿ ಬಾಗಿಲು ಮುಚ್ಚಿದ್ದರೆ. ಬೆಳಗಾದರೆ ಕಿಟಕಿಯೆಲ್ಲ ತೆರೆಯುವ ಮೈಸೂರಿನ ಮನೆಗೆ ಅದು ಬಾಗಿಲಿಲ್ಲದ ಮನೆಗೆ ಬೀಗ. ಮಗಳಿಗೆ ಆ ದುಡ್ಡಲ್ಲಿ ಟಿಕೆಟ್ ತೆಗೆದು ಬಂದು ಹೋಗು ಅನ್ನಿ. ಒಂಟಿತನವೂ ಆ ಪಟ್ಟಿಯಲ್ಲಿದೆ, ಶೇ 5.

ಪ್ರಶ್ನೆ: ಮಂಡ್ಯ ನಗರದಲ್ಲಿ ನಾಲೆಯ ಹತ್ತಿರ ನಮ್ಮ ಮನೆ, ಸೊಳ್ಳೆ ವಿಪರೀತ. ತಂದೆಗೆ 80. ಅವರ ಕೋಣೆಯಲ್ಲೇ ದೇವರ ಗೂಡು. ಸಂಜೆ ನಾಲ್ಕು ಊದುಬತ್ತಿ, ಶುಕ್ರವಾರ ಸಾಂಬ್ರಾಣಿ, ರಾತ್ರಿ ಮಂಚದ ಕೆಳಗೆ ಸೊಳ್ಳೆ ಬತ್ತಿ. ಇವೂ ಮಾಲಿನ್ಯವೇ?

ಉತ್ತರ: ಹೌದು. ರಸ್ತೆಯ ಹೊಗೆಗೆ ಸರ್ಕಾರವನ್ನು ಬೈಯಬಹುದು, ಇದಕ್ಕೆ ಯಾರನ್ನು ಬೈಯುತ್ತೀರಿ?

ಸೊಳ್ಳೆ ಬತ್ತಿ ಮೊದಲು ನಿಲ್ಲಲಿ. ಒಂದು ಸುರುಳಿ ಪೂರ್ತಿ ಉರಿದರೆ 75ರಿಂದ 137 ಸಿಗರೇಟಿನಷ್ಟು ಪಿಎಂ 2.5 ಬಿಡುತ್ತದೆ ಎಂದು 2003ರಲ್ಲೇ ಅಳೆದು ತೋರಿಸಿದ್ದಾರೆ. ಬೀಡಿ ಮುಟ್ಟದ ಮುದುಕರ ಮಂಚದ ಕೆಳಗೆ ರಾತ್ರಿಯಿಡೀ ಅದನ್ನು ಹಚ್ಚಿಡುತ್ತೇವೆ. ಊದುಬತ್ತಿಯ ಮಾತು ಬಂದರೆ ಮೈಸೂರಿನವಳಾದ ನನಗೆ ಸ್ವಲ್ಪ ಸಂಕಟ. ಮೈಸೂರು ಅಗರಬತ್ತಿಗೆ 2005ರಲ್ಲಿ ಭೌಗೋಳಿಕ ಸೂಚ್ಯಂಕವೂ ಸಿಕ್ಕಿದೆ, ನಮ್ಮ ಕಾಲೊನಿಯ ಎಷ್ಟೋ ಹೆಂಗಸರು ಹೊಸೆದೇ ಮಕ್ಕಳನ್ನು ಓದಿಸಿದ್ದಾರೆ. ಆದರೂ ಹೊಗೆ ಹೊಗೆಯೇ. ಹಾಂಕಾಂಗಿನಲ್ಲಿ ಮನೆಯೊಳಗೆ ಪದೇ ಪದೇ ಊದುಬತ್ತಿ ಹಚ್ಚುವ ಹಿರಿಯರು ನೆನಪು, ಯೋಚನೆಯ ಪರೀಕ್ಷೆಗಳಲ್ಲಿ ಹಿಂದೆ ಬಿದ್ದದ್ದು 2020ರಲ್ಲಿ ವರದಿಯಾಯಿತು. ದೇವರ ಗೂಡನ್ನು ನಡುಮನೆಗೆ ತನ್ನಿ, ಒಂದೇ ಕಡ್ಡಿ ಹಚ್ಚಿ, ಕಿಟಕಿ ತೆರೆದಿಡಿ. ತುಪ್ಪದ ದೀಪವೊಂದಿದ್ದರೂ ದೇವರು ಬೇಡ ಅನ್ನುವುದಿಲ್ಲ. ಸಾಂಬ್ರಾಣಿಯನ್ನು ತಂದೆ ಜಗಲಿಯಲ್ಲಿ ಕೂತಿರುವ ಹೊತ್ತಿಗೆ ಹಾಕಿ.

ಸೊಳ್ಳೆಗೆ ಪರದೆ ಕಟ್ಟಿ, ಸಂಜೆ ಐದೂವರೆಗೇ ಕಿಟಕಿಗೆ ಜಾಲರಿ ಎಳೆಯಿರಿ. ತಂದೆ ರಾತ್ರಿ ಎರಡು ಮೂರು ಸಲ ಏಳುವವರಾದರೆ ಅವರು ಇಳಿಯುವ ಬದಿಯಲ್ಲಿ ಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಬೇಡಿ, ಕಾಲಿಗೆ ಸುತ್ತಿಕೊಂಡು ಬಿದ್ದಾರು. ಆ ಬದಿಯ ಅಂಚಿಗೆ ಭಾರಕ್ಕೆ ಹಳೆ ಸೀರೆಯ ಅಂಚನ್ನು ಹೊಲಿದು ಇಳಿಬಿಡಿ, ಬಚ್ಚಲ ದಾರಿಯಲ್ಲಿ ಒಂದು ಸಣ್ಣ ದೀಪ ಉರಿಯುತ್ತಿರಲಿ.